ಗೂಬೆ ತಂಡದ ಕೊನೆಯ ಆಟ

ಇವತ್ತು ಬೆಳಿಗ್ಗೆ ಅಮೆರಿಕದ ಕೊಲಂಬಿಯಾ ಊರಿನ ನಮ್ಮ ಅಡುಗೆಮನೆಯಲ್ಲಿ ಉಪ್ಪು ಹಾಕಿ ಕಡಲೆಕಾಯಿ ಬೇಯಿಸುತ್ತಿದ್ದೆ. ಹಬೆ ಮೂಗಿಗೆ ಬಡಿದದ್ದೇ ತಡ, ಸೌತ್ ಕೆರೊಲಿನಾದಲ್ಲಿ ಹಿಂದೆ ನಾವಿದ್ದ ಸಣ್ಣ ಊರಿನ ಒಂದು ಮುರುಕು ಬೇಸ್‌ಬಾಲ್ ಮೈದಾನ ಕಣ್ಣ ಮುಂದೆ ಬಂತು. ನಗಬೇಡಿ. ಅಮೆರಿಕದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಪುಣ್ಯಾತ್ಮರನ್ನು ನಾನು ಮೊದಲು ಕಂಡದ್ದು ಅಲ್ಲೇ. ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ, ಆಟ ಒಂದಿಷ್ಟೂ ಅರ್ಥವಾಗದಿದ್ದರೂ ನಾನು ತಪ್ಪದೆ ಹೋಗುತ್ತಿದ್ದುದಕ್ಕೆ ಅರ್ಧ ಕಾರಣ ಆ ಪೊಟ್ಟಣ.

ಇನ್ನರ್ಧ ಕಾರಣ ಡ್ಯಾನಿ. ಊರಿನ ತಂಡ ಚಿಕ್ಕದು. ಹತ್ತಿಗಿರಣಿಯ ಕೆಲಸಗಾರರು ಯಾವ ಕಾಲದಲ್ಲೋ ಕಟ್ಟಿದ್ದು. ಹೆಸರು ಔಲ್ಸ್. ಆಟಗಾರರಿಗೆ ಸಂಬಳ ಸಾಲದೆ ಊರಿನವರೇ ಮನೆಯಲ್ಲೊಂದು ಕೋಣೆ ಕೊಡುವ ಪದ್ಧತಿ ಇತ್ತು. ಆಫೀಸಿನಲ್ಲಿ ಯಾರೋ ಕೇಳಿದರೆಂದು ನಮ್ಮ ಯಜಮಾನರು ಹೂಂ ಅಂದು ಬಂದರು. ಹೀಗೆ ಚೆಂಡೆಸೆಯುವ ಆ ಉದ್ದನೆಯ ಹುಡುಗ ನಮ್ಮ ಮಹಡಿ ಕೋಣೆ ಸೇರಿದ. ಮಾಂಸ ಹೊರಗೆ ತಿಂದು ಬರುತ್ತಿದ್ದ. ಮನೆಯಲ್ಲಿ ತಿಳಿಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕಾಫಿಯಂತೆ ಕುಡಿಯುತ್ತಿದ್ದ. ಸಾರು ಮಾಡುವವಳಿಗೆ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇಕೇ?

ಒಂದು ವರ್ಷ ಗಿರಣಿ ಮುಚ್ಚಿಹೋಯಿತು, ಮೈದಾನದ ಬೆಂಚುಗಳು ಖಾಲಿಯಾದವು. ಸೀಸನ್ ಮುಗಿದ ಮೇಲೆ ತಂಡವೂ ಇರುವುದಿಲ್ಲವೆಂದು ಹೇಳಿಬಿಟ್ಟರು. ಕೊನೆಯ ಆಟ ನೋಡಲು ದೊಡ್ಡ ತಂಡದವರೊಬ್ಬರು ಬರುವವರಿದ್ದರು. ಅವರಿಗೆ ಹಿಡಿಸಿದರೆ ಡ್ಯಾನಿಗೆ ಆಟ ಉಂಟು. ಇಲ್ಲವಾದರೆ ಚಿಕ್ಕಪ್ಪನ ಟೈರ್ ಅಂಗಡಿ.

ಆಗ ಮೈಸೂರಿನಿಂದ ಬಂದಿದ್ದ ನಮ್ಮತ್ತೆ, ಔಲ್ ಅಂದರೇನೆಂದು ಕೇಳಿ ತಿಳಿದುಕೊಂಡರು. ತಂಡ ಮುಚ್ಚುವ ಕಾರಣ ಅವರಿಗೆ ತಕ್ಷಣ ಹೊಳೆಯಿತು.

"ಗೂಬೆ ಅಂತ ಹೆಸರಿಟ್ಕೊಂಡು ಉದ್ಧಾರ ಆಗ್ತಾರೇನೆ? ಟೋಪಿ ಮೇಲೆ ಅದರ ಚಿತ್ರ ಬೇರೆ."

"ಅಮ್ಮ, ಇಲ್ಲಿ ಗೂಬೆ ಅಂದ್ರೆ ಬುದ್ಧಿವಂತ," ಅಂದರು ಯಜಮಾನರು.

"ಇರಬೋದಪ್ಪ. ನಿನ್ನನ್ನೂ ಹಾಗೇ ಕರೀಲಾ?"

ಆಟದ ದಿನ ದೋಷ ಕಳೆಯಲು ಅತ್ತೆಯೇ ಮುಂದಾದರು. ಆಯುಧಪೂಜೆಯ ಹಾಗೆ ಡ್ಯಾನಿಯ ಗ್ಲೌಸಿಗೆ ಪೂಜೆ. ಚರ್ಮದ್ದು ದೇವರ ಮುಂದೆ ಬರಬಾರದೆಂದು ಹೊಸ್ತಿಲಿನಾಚೆ ಇರಿಸಿ, ಒಳಗೂ ಹೊರಗೂ ಧಾರಾಳವಾಗಿ ಕುಂಕುಮ ಹಚ್ಚಿ ಆರತಿ ಎತ್ತಿದರು. ಡ್ಯಾನಿ ಟೋಪಿ ತೆಗೆದು ನಿಂತಿದ್ದ. ಆಮೇಲೆ ಹೊರಗಿನದನ್ನು ಒರೆಸಿಕೊಂಡ; ಒಳಗಿನದು ಯಾರಿಗೂ ನೆನಪಾಗಲಿಲ್ಲ.

ಅವನು ಎಸೆದ ಎರಡನೆಯ ಚೆಂಡನ್ನು ಕೈಗೆ ತೆಗೆದುಕೊಂಡು ಅಂಪೈರ್ ಆಟ ನಿಲ್ಲಿಸಿದರು. ಚೆಂಡು ಕೆಂಪಗಿತ್ತು. ಚೆಂಡಿಗೆ ಏನಾದರೂ ಬಳಿದು ಎಸೆಯುವುದು ದೊಡ್ಡ ಅಪರಾಧ, ಎಸೆದವನನ್ನು ಹೊರಗೆ ಕಳಿಸುತ್ತಾರೆ ಎಂದು ಯಜಮಾನರು ಪಿಸುಗುಟ್ಟಿದರು. ಕಡಲೆಕಾಯಿ ಪೊಟ್ಟಣವನ್ನು ಬೆಂಚಿನ ಮೇಲಿಟ್ಟೆ. ದೊಡ್ಡ ತಂಡದವರು ಕೂತಲ್ಲಿಂದಲೇ ಮುಂದೆ ಬಾಗಿ ನೋಡುತ್ತಿದ್ದರು.

"ಏನಿದು?" ಎಂದು ಅಂಪೈರ್ ಕೇಳಿದ್ದು ಮುಂದಿನ ಬೆಂಚಿನಲ್ಲಿದ್ದ ನಮಗೂ ಕೇಳಿಸಿತು. ಗೊತ್ತಿಲ್ಲ ಅಂದುಬಿಡುವುದು ಡ್ಯಾನಿಗೆ ಸುಲಭವಿತ್ತು. ಅವನು ನಮ್ಮತ್ತ ಕೈ ತೋರಿಸಿ, "ನನ್ನ ಅಜ್ಜಿ ನನಗೋಸ್ಕರ ಪ್ರಾರ್ಥನೆ ಮಾಡಿದರು, ಸರ್," ಅಂದ.

ಹದಿನೆಂಟು ಮೊಳದ ಸೀರೆಯುಟ್ಟ ಅಜ್ಜಿಯನ್ನು ಅಂಪೈರ್ ನೋಡಿದರು. ಕೆಂಚು ಕೂದಲಿನ ಮೊಮ್ಮಗನನ್ನೂ ನೋಡಿದರು. ಪುಡಿಯನ್ನು ಬೆರಳಲ್ಲಿ ತೀಡಿ ಮೂಸಿದರು.

"ನನ್ನ ಅಜ್ಜಿಯೂ ಹೀಗೇ ಇದ್ದರು. ಬೇರೆ ಗ್ಲೌಸ್ ತಗೋ."

"ಏನಂತೋ?" ಎಂದು ಅತ್ತೆ ಮಗನನ್ನು ಕೇಳಿದರು. ಯಜಮಾನರು ಎಲ್ಲವನ್ನೂ ಹೇಳಿದ ಮೇಲೆ ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಒಳ್ಳೆ ಹುಡುಗ. ಗೂಬೆಗಳ ಜೊತೆ ಯಾಕೆ ಸೇರ್ಕೊಂಡ್ನೋ," ಅಂದರು.

ಗೂಬೆಗಳು ಸೋತವು. ಬೇರೊಬ್ಬನ ಗ್ಲೌಸಿನಲ್ಲಿ ಆಡಿದ ಡ್ಯಾನಿಯನ್ನು ಮಾತ್ರ ದೊಡ್ಡ ತಂಡ ಕರೆದುಕೊಂಡಿತು. ಮೈದಾನದಲ್ಲಿ ಈಗ ಅಂಗಡಿ ಸಾಲು ಎದ್ದಿದೆ, ಅತ್ತೆಯೂ ಇಲ್ಲ. ಅವನಿಗೆ ಕೆಲಸ ಸಿಕ್ಕಿದ್ದನ್ನೇ ಇಷ್ಟು ವರ್ಷ ದೇವರ ದಯೆ ಎಂದು ಎಣಿಸಿದ್ದೆ. ಇವತ್ತು ಒಲೆಯ ಮುಂದೆ ನಿಂತಾಗ, ಅಜ್ಜಿ ಎಂದು ಅವನು ಅಂದಾಗಲೇ ಆ ದಯೆ ಬಂದಾಗಿತ್ತು ಅನ್ನಿಸಿತು.

ಸಂಜೆ ದೇವಸ್ಥಾನದಲ್ಲಿ ಮಕ್ಕಳ ಹೆಸರಿನ ಜೊತೆ ಡ್ಯಾನಿಯ ಹೆಸರಿಗೂ ಅರ್ಚನೆ ಮಾಡಿಸಿದೆ. ಅರ್ಚಕರು ತಲೆಯೆತ್ತಿ, "ಗೋತ್ರ?" ಅಂದರು.

ನಮ್ಮದನ್ನೇ ಹೇಳಿದೆ.