ಅಣ್ಣ ಹೊಲಿದ ಗಾದಿ

ಸ್ಫೂರ್ತಿಯ ಬಾಯಿ ಭಾಳ ಖಾರ. ಕಡ್ಡಿರಾಂಪುರದ ಹೆಂಗಸರು ಅವಳ ಮುಂದೆ ಹೊಸ ಸೀರೆ ಉಟ್ಟು ಬರಲೂ ಅಂಜುತ್ತಿದ್ದರು. ಬಣ್ಣ ಹೋಗತೈತಿ ಅನ್ನಿಸಿದರೆ ಅಂದೇ ಬಿಡುವಾಕೆ. ಆದರೆ ಹಂಪಿಯ ಗುಂಡುಕಲ್ಲು ಹತ್ತಲು ಬರುವವರಿಗೆ ಆ ಬಾಯಿಯೇ ಬೇಕಿತ್ತು. ಗಂಡನ ಮನೆಗೆ ಬಂದ ಮೇಲೆ ಅವಳು ಹಿಡಿದ ಕೆಲಸವೇ ಅದು: ಬಂದವರನ್ನು ಬಂಡೆಗಳ ಹತ್ತಿರ ಕರೆದೊಯ್ದು ಹತ್ತಿಸುವುದು, ಬಿಡುವಾದಾಗ ಹತ್ತುವ ಸಾಮಾನಿನ ಬಗ್ಗೆ ಫೋನಿನಲ್ಲಿ ವಿಡಿಯೋ ಮಾಡಿ ಹಾಕುವುದು. "ಈ ಶೂ ಕಂಪನಿಯೋರು ಪುಕ್ಕಟೆ ಕಳಿಸ್ಯಾರ. ಕಳಿಸಿದ್ರ ಏನಾತು? ನಮ್ಮ ಬಿಸಿಲಿಗೆ ಇದರ ಅಟ್ಟೆ ಬಿಟ್ಕೊಂಡು ಬರತೈತಿ, ತಗಾಬ್ಯಾಡ್ರಿ" ಅಂತ ನೇರ ಹೇಳುವಾಕೆ. ಪುಕ್ಕಟೆ ಬಂದದ್ದನ್ನು ಪುಕ್ಕಟೆ ಬಂತು ಅನ್ನುವ ಹೆಣ್ಣುಮಗಳನ್ನು ಮಂದಿ ನಂಬದೆ ಇರುತ್ತಾರಾ?

ಒಂದೇ ಒಂದು ಸಲ ಆ ಬಾಯಿ ಒಂದು ಮಾತು ನುಂಗಿತ್ತು.

ಪಾಪಿನಾಯಕನಹಳ್ಳಿಯಲ್ಲಿ ಅವಳ ಅಣ್ಣ ರೇವಣಸಿದ್ದ ಸಂಡೂರಿನ ಅದಿರು ಲಾರಿಗಳಿಗೆ ಸೀಟು ಹೊಲಿಯುತ್ತಿದ್ದ. ಲಾರಿ ಕೆಲಸ ಕಡಿಮೆಯಾದಾಗ "ಅಣ್ಣಾ, ಗುಂಡು ಹತ್ತೋರಿಗೆ ಗಾದಿ ಹೊಲಿ" ಅಂದವಳು ಇವಳೇ. ಗುಂಡಿನ ಕೆಳಗೆ ಹಾಸುವ ದಪ್ಪ ಗಾದಿ. ಮೇಲಿಂದ ಕೈ ಜಾರಿದರೆ ಕಾಲು ಉಳಿಸುವುದು ಅದೊಂದೇ. ಅಣ್ಣ ಬಿಗಿ ಫೋಮ್ ತುಂಬಿ ಎಷ್ಟು ಚಂದ ಹೊಲಿದಿದ್ದ ಅಂದರೆ, ಅವಳು ಅದರ ಮೇಲೆ ಬಿದ್ದು, ಎದ್ದು, ಮತ್ತೆ ಬಿದ್ದು, "ಕಣ್ಣು ಮುಚ್ಚಿ ತಗೋರ್ರಿ" ಅಂದಳು. ಮಾಡಿದಾತ ನಮ್ಮಣ್ಣ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ, ಅಣ್ಣನ ಮಾಲು ಅಂತ ಹೊಗಳ್ತಾಳ ಅಂದಾರು. ಗಾದಿ ಚಲೋನೇ ಐತಲ್ಲ, ಏನು ಮಹಾ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹಂಪಿಯ ಗೆಸ್ಟ್‌ಹೌಸಿನವರೆಲ್ಲ ಆ ವಿಡಿಯೋ ನೋಡಿಯೇ ಆರ್ಡರ್ ಕೊಟ್ಟರು.

ಈ ಸಲ ಚಳಿಗಾಲದ ಸೀಜನ್ ಶುರುವಾಗುವ ಹೊತ್ತಿಗೆ ಅಣ್ಣನ ಹೊಸ ಗಾದಿಯೊಂದನ್ನು ಗೆಸ್ಟ್‌ಹೌಸಿನಿಂದ ತಂದು ಹಾಸಿ, ಗುಂಡಿನಿಂದ ಜಿಗಿದಳು. ಗಾದಿ ಅಪ್ಪಚ್ಚಿಯಾಗಿ ಹಿಮ್ಮಡಿ ಸೀದಾ ಕೆಳಗಿನ ಕಲ್ಲಿಗೆ ಬಡಿಯಿತು. ಯವ್ವಾ ಅಂತ ಅಲ್ಲೇ ಕುಸಿದಳು. ಜಿಪ್ ಬಿಚ್ಚಿ ನೋಡಿದರೆ ಮೇಲಷ್ಟೇ ಒಂದು ಬಿಗಿ ಪದರ, ಒಳಗೆಲ್ಲ ಸೋಫಾಕ್ಕೆ ಹಾಕುವ ಮೆತ್ತನೆ ಫೋಮು. ಅಷ್ಟರಲ್ಲಿ ಕಂಪ್ಲಿಯಿಂದ ಭವ್ಯ ಅನ್ನುವ ಹುಡುಗಿಯ ಮೆಸೇಜು ಬಂತು: "ಅಕ್ಕಾ, ನಿಮ್ಮ ವಿಡಿಯೋ ನೋಡಿ ಆ ಗಾದಿನೇ ತಗೊಂಡೀನಿ. ನಾಳೆ ಬರ್ತೀವಿ, ದೊಡ್ಡ ಗುಂಡೇ ಹತ್ತೋದು!" ಅದರ ಮೇಲೆ ಬೀಳಬ್ಯಾಡವ್ವ ಅಂತ ಆ ಹುಡುಗಿಗೇನೋ ಬರೆದಳು. ಆದರೆ ಅವಳಿಗೆ ತಿಳಿಸದೆ ಕೊಂಡವರು ಇನ್ನೆಷ್ಟು ಮಂದಿಯೋ! ಅವರನ್ನೆಲ್ಲ ಎಲ್ಲಿ ಅಂತ ಹುಡುಕುವುದು?

ಕುಂಟುತ್ತಲೇ ಆಟೋ ಹಿಡಿದು ತವರಿಗೆ ಹೋದಳು. ಅಣ್ಣ ಹೊಲಿಗೆ ಮಿಷನ್ ಮುಂದೆ ಕೂತಿದ್ದ. ಅತ್ತಿಗೆ ಗಾಯತ್ರಿ ಕವರಿಗೆ ಜಿಪ್ ಹಚ್ಚುತ್ತಿದ್ದಳು.

"ಒಳಗ ಏನು ತುಂಬೀಯಣ್ಣಾ?"

"ಬಿಗಿ ಫೋಮ್ ಟೈಮಿಗೆ ಬರಲಿಲ್ಲವ್ವ. ಆರ್ಡರ್ ಕೈತಪ್ಪಿದ್ರ ಮತ್ತ ಸಿಗತೈತೇನು? ಏನೂ ಆಗಂಗಿಲ್ಲ ತಗಾ."

"ಆಗತೈತಿ! ನನ್ನ ಹಿಮ್ಮಡಿ ನೋಡಿಲ್ಲಿ. ಎಲ್ಲಾ ವಾಪಸ್ ತರಿಸು. ಇಲ್ಲಂದ್ರ ನಾನ ವಿಡಿಯೋ ಹಾಕ್ತೀನಿ."

ಮಿಷನ್ ನಿಂತಿತು. "ಒಡಹುಟ್ಟಿದೋನ ಹೊಟ್ಟಿ ಮ್ಯಾಲ ಹೊಡೀತಿ? ಇದಕ್ಕೇನ ನಿನ್ನ ಸಾಕಿದ್ದು?"

ಆ ಮಾತು ಸುಳ್ಳಲ್ಲ ನೋಡಿ, ಅದಕ್ಕೇ ಅದು ಅಷ್ಟು ನಾಟಿತು. ಅಪ್ಪ ಅವ್ವ ಹೋದ ಮೇಲೆ ಅವಳನ್ನು ಓದಿಸಿ, ಮದುವೆ ಮಾಡಿ ಕೊಟ್ಟವನು ಇವನೇ. ಈ ಬಾಗಿಲು ಮುಚ್ಚಿದರೆ ಹೋಗಿ ಅಳಲಿಕ್ಕೆ ಅವಳಿಗೆ ಇನ್ನೊಂದು ಮನೆ ಇರಲಿಲ್ಲ. ಬಾಯಿ ಬಿಟ್ಟರೆ ತವರು ಹೋಗತೈತಿ, ಬಿಡದಿದ್ದರೆ ಯಾರದೋ ಮಕ್ಕಳ ಕಾಲು ಹೋಗತೈತಿ. ಅತ್ತಳು. ಅಣ್ಣನ ಕಾಲು ಹಿಡಿದಳು. ಅವನು ಕಾಲು ಎಳೆದುಕೊಂಡ.

ಆಗ ಅವಳಿಗೂ ಸಿಟ್ಟು ಬಂತು. "ಹಂಗಾರ ಒಂದ ಮಾತು. ಹಿತ್ತಲ ಗುಂಡು ಹತ್ತು. ನಿನ್ನ ಗಾದಿ ಮ್ಯಾಲ ನೀನ ಜಿಗಿ. ಏನೂ ಆಗಲಿಲ್ಲಂದ್ರ ನಾ ಬಾಯಿ ಹೊಲ್ಕೊಂತೀನಿ."

"ಜಿಗೀತೀನಿ ತಗಾ! ನಾನೇನು ಹೆದರ್ತೀನಾ?"

ಲುಂಗಿ ಎತ್ತಿ ಕಟ್ಟಿ ದಡದಡ ಹತ್ತಿಯೇ ಬಿಟ್ಟ. ಸ್ಫೂರ್ತಿ ಹೊಲಿದಿಟ್ಟ ಗಾದಿಯೊಂದನ್ನು ತಂದು ಕೆಳಗೆ ಹಾಸಿದಳು. ಜಿಗಿದುಬಿಟ್ಟರೆ ಗತಿ ಏನು ಅಂತ ಅವಳಿಗೆ ಆಗ ಹೊಳೆಯಿತು, ಹುಚ್ಚುಮುಂಡೇದಕ್ಕೆ. ಬ್ಯಾಡ ಅನ್ನುವಷ್ಟರಲ್ಲಿ ಮೇಲೆ ಅಣ್ಣ ತುದಿಗೆ ಬಂದು ನಿಂತ, ಕೆಳಗೆ ನೋಡಿದ, ಮೊಣಕಾಲು ಬಗ್ಗಿಸಿದ.

"ಬ್ಯಾಡ್ರಿ!" ಅಂತ ಚೀರಿದವಳು ಗಾಯತ್ರಿ. ಜಿಪ್ಪು ಗಿಪ್ಪು ಎಲ್ಲಾ ಬಿಸಾಡಿ ಓಡಿ ಬಂದಳು. "ನಿಮ್ಮ ಕೈ ಮುಗೀತೀನಿ, ಇಳೀರಿ! ಅದರಾಗ ಏನೂ ಇಲ್ಲರಿ, ನಾನ ಜಿಪ್ ಹಚ್ಚೀನಿ, ನನಗ ಗೊತ್ತಿಲ್ಲೇನು? ಕಾಲು ಮುರ್ಕೊಂತೀರಿ!"

ರೇವಣಸಿದ್ದ ಗುಂಡಿನ ಹಿಂದಿನಿಂದ ಸಾವಕಾಶ ಕುಂಡಿ ಊರಿ ಇಳಿದ. ತಂಗಿಯ ಮುಖ ನೋಡಲಿಲ್ಲ.

"ಹಾಕು ವಿಡಿಯೋ," ಅಂದ. "ಆದ್ರ ಮಾಡಿದಾತ ನಿಮ್ಮಣ್ಣ ಅಂತ ಹೇಳಬ್ಯಾಡ. ಯಾರೋ ಒಬ್ಬ ಅನ್ನು. ಅಷ್ಟಾದ್ರೂ ಮಾಡವ್ವ."

"ಅಷ್ಟು ಮುಚ್ಚಿಟ್ಟಿದ್ದಕ್ಕ ಇಷ್ಟಾತಣ್ಣಾ. ನನ್ನ ಮಾತು ನಂಬಿದೋರಿಗೆ ಮತ್ತ ಹೆಂಗ ಮುಚ್ಚಿಡ್ಲಿ?"

"ಹಂಗಾರ ಇವತ್ತಿಂದ ನಿನಗ ಅಣ್ಣ ಇಲ್ಲ. ಅದನ್ನೂ ಹೇಳು. ಅದೂ ಖರೇನ."

ಒಳಗೆ ಹೋಗಿ, ಚಿಲಕ ಹಾಕದೆ, ಹಿತ್ತಲ ಬಾಗಿಲು ಮುಂದೆ ಮಾಡಿದ. ಗಾಯತ್ರಿಯೂ ಸೆರಗಿನಿಂದ ಕಣ್ಣು ಒರೆಸುತ್ತಾ ಒಳಗೆ ಹೋದಳು.

ಸ್ಫೂರ್ತಿ ಹಿತ್ತಲ ಕಟ್ಟೆಯ ಮೇಲೆ ಫೋನ್ ಒರಗಿಸಿ ಇಟ್ಟಳು. ಗಾದಿಯ ಹೊಟ್ಟೆ ಬಿಚ್ಚಿ ತೋರಿಸಿದಳು. "ನಮಸ್ಕಾರ್ರಿ. ಇದರ ಮ್ಯಾಲ ಯಾರೂ ಬೀಳಬ್ಯಾಡ್ರಿ. ಹಿಂದ ಇದನ್ನ ಹೊಗಳಿದಾಕಿ ನಾನ. ಮಾಡಿದಾತ ಯಾರಂತ ನಿಮಗ ಹೇಳಿರಲಿಲ್ಲ." ತಿರುಗಿ ಮನೆಯ ಕಡೆ ನೋಡಿದಳು. ಬಾಗಿಲು ಇನ್ನೂ ಸ್ವಲ್ಪ ಸಂದಿ ಬಿಟ್ಟಿತ್ತು. ಅದರಾಚೆ ಅಣ್ಣ ನಿಂತು ಕೇಳುತ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಮೂಗು ಒರೆಸಿಕೊಂಡಳು.

"ನನ್ನ ಅಣ್ಣರಿ. ರೇವಣಸಿದ್ದ ಅಂತ. ನನ್ನ ಸಾಕಿ ಬೆಳೆಸಿದಾತ."

ಒಳಗಿನಿಂದ ಚಿಲಕ ಹಾಕಿದ ಸದ್ದು ಆ ವಿಡಿಯೋದಲ್ಲಿ ಈಗಲೂ ಕೇಳುತ್ತದೆ.