ಬಳಗದ ಹೆಬ್ಬೆರಳಿಗೆ ಬೇಗಂಬಿಯ ಕಾವಲು

ಗೋಕಾಕದ ಖಾಸಗಿ ಆಸ್ಪತ್ರೆಯೊಂದರ ವಾರ್ಡು. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಯಾ ಬೇಗಂಬಿ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಕೊಣ್ಣೂರಿನ ತಾತ್ಯಾಸಾಹೇಬರ ಮಂಚದತ್ತ ಸರಸರ ನಡೆಯುತ್ತಾಳೆ. ನಿನ್ನೆ ಹೊಟ್ಟೆಯ ಆಪರೇಷನ್ ಆದ ಹಿರಿಯರು ಗಾಢ ನಿದ್ದೆಯಲ್ಲಿದ್ದಾರೆ. ಬಾಜೂ ಕೂತ ಹೆಂಡತಿ ಇಂದುಬಾಯಿಯ ಸೆರಗಿನೊಳಗೆ ಏನೋ ‘ಟಕ್’ ಅನ್ನುತ್ತದೆ.

“ಬಾಯಾರ, ಸೆರಗಿನ್ಯಾಗ ಏನೈತ್ರಿ?”

“ಏನಿಲ್ಲ ಬೇಗಂಬಿ...”

“ಏನಿಲ್ಲದ್ದು ಟಕ್ ಅಂತೈತೇನ್ರಿ? ತಗೀರಿ ಹೊರಗ!”

ಹೊರಬಂದದ್ದು ನೋವು ಕಳೆಯುವ ಯಂತ್ರದ ಗುಂಡಿ.

ಇದು ೨೦೦೬. ಯಂತ್ರ ಈ ವಾರ್ಡಿಗೆ ಹೊಸ ಸೊಸೆ. ನೋವಾದಾಗ ರೋಗಿ ತಾನೇ ಗುಂಡಿ ಒತ್ತಿದರೆ ಅಳತೆಯಷ್ಟು ಮದ್ದು ನರಕ್ಕೆ ಇಳಿಯುತ್ತದೆ. ಸಿಸ್ಟರನ್ನು ಕೂಗಿ, ಕಾದು, ಹಲ್ಲು ಕಚ್ಚುವ ಪಾಡಿಲ್ಲ. ಮದ್ದು ಹೆಚ್ಚಾದರೆ ನಿದ್ದೆ ಬರುತ್ತದೆ, ನಿದ್ದೆ ಬಂದವರು ಗುಂಡಿ ಒತ್ತಲಾರರು; ಅದೇ ಅದರ ಕಾವಲು. ಯಂತ್ರ ಮಾಡಿದವರು ರೋಗಿಯ ಹೆಬ್ಬೆರಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಾರೆ. ಪಾಪ, ನಮ್ಮ ಕಡೆ ರೋಗಿಗೆ ಬಳಗದ ಹೆಬ್ಬೆರಳುಗಳೆಲ್ಲ ಸೇರಿರುತ್ತವೆಂದು ಅವರಿಗೇನು ಗೊತ್ತು?

ನೋಡಲು ಬಂದವರು ಸುಮ್ಮನೆ ಕೂತು ಏಳುವವರಲ್ಲ. ಕಾಲು ಒತ್ತುತ್ತಾರೆ, ತಲೆ ಒತ್ತುತ್ತಾರೆ, ಏಳುವ ಮುಂಚೆ ಗುಂಡಿಯನ್ನೂ ಒತ್ತುತ್ತಾರೆ. ಬಿಡುವಿದ್ದಾಗ ಬೇಗಂಬಿ ಅವರನ್ನು ಅಣಕಿಸುತ್ತ, ಗಂಟಲು ದಪ್ಪ ಮಾಡಿ ಹತ್ತರಗಿಯ ಬೀಗರಾಗುತ್ತಾಳೆ: “ನಾವೇನ್ ಪರಕೀಯರೇನ? ನಮ್ಮ ಕೈಲಿಂದನೂ ಒಂದ್ಸಲ ಆಗ್ಲಿ ತಗೋ!” ಮರುಕ್ಷಣ ಮೂಗೆಳೆದು ಮೂಡಲಗಿಯ ತಂಗಿ: “ನಾ ಒತ್ತಿದ್ಮ್ಯಾಲೆ ನೋಡ್ರಿ ಅಣ್ಣ ಆರಾಮ ಮಲಗ್ಯಾನ!” ಆಮೇಲೆ ತನ್ನದೇ ದನಿಗಿಳಿದು ಹಣೆ ಚಚ್ಚಿಕೊಳ್ಳುತ್ತಾಳೆ. “ಹೇಳಿ ಹೇಳಿ ನನ್ನ ಬಾಯಿ ಸವದೈತ್ರಿ.”

ಇವತ್ತು ಮಾತ್ರ ನಗುವ ಹೊತ್ತಲ್ಲ. ತಾತ್ಯಾಸಾಹೇಬರ ಎದೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರಲು ಮೀನಮೇಷ ಎಣಿಸುತ್ತದೆ. ಭುಜ ಅಲುಗಿಸಿದರೂ ಕಣ್ಣು ತೆರೆಯುವುದಿಲ್ಲ. ಬೇಗಂಬಿಯ ಕೂಗಿಗೆ ವಾರ್ಡೆಲ್ಲ ಏಳುತ್ತದೆ. ಸಿಸ್ಟರ್ ಶುಭಾಂಗಿ ಓಡಿಬಂದು ಯಂತ್ರ ನಿಲ್ಲಿಸಿ, ಆಕ್ಸಿಜನ್ ಹಚ್ಚಿ, ಮದ್ದಿನ ಅಮಲು ಇಳಿಸುವ ಸೂಜಿ ಚುಚ್ಚುತ್ತಾಳೆ.

“ಅಯ್ಯಯ್ಯಪ್ಪಾ, ಹೊಟ್ಟಿ!” ತಾತ್ಯಾಸಾಹೇಬರು ನರಳುತ್ತಾರೆ. ಆ ನರಳಿಕೆ ಕೇಳಿ ಬೇಗಂಬಿಗೆ ಹೋದ ಜೀವ ಬಂದಂತಾಗುತ್ತದೆ.

“ಎದ್ದಮ್ಯಾಲೆ ನೋವಾಗಬಾರದಂತ ಒತ್ತಿದೆ...” ಇಂದುಬಾಯಿ ಬಿಕ್ಕುತ್ತಾರೆ.

“ಒತ್ತಬೇಕಂದ್ರ ಕಾಲ ಒತ್ತರಿ, ಬಾಯಾರ. ಕಾಲಿಗೆ ಮದ್ದಿನ ನಳಿಗಿ ಹಚ್ಚಿಲ್ಲ.”

ರೌಂಡಿಗೆ ಬಂದ ಡಾಕ್ಟರ್ ಕೆಂಡವಾಗುತ್ತಾರೆ. “ಸಾಕು. ಈ ಯಂತ್ರ ವಾಪಸ್ ಕಳಸ್ತೇನಿ.”

ಈ ಮಾತಿಗೆ ಮಾತ್ರ ಬೇಗಂಬಿ ಗಡಬಡಿಸುತ್ತಾಳೆ. ದಡ್ಡಿ ಊರಿನವಳು. ಹಮಾಲಿ ಮಾಡುತ್ತಿದ್ದ ಗಂಡ ದಾದೇಸಾಬನ ಕಾಲು ಲಾರಿಗೆ ಸಿಕ್ಕಾಗ, ಮುಂದಿನ ಸೂಜಿಯ ಹೊತ್ತಿಗಾಗಿ ಅವನು ಗಡಿಯಾರ ನೋಡುತ್ತ ಅತ್ತದ್ದನ್ನು ಕಂಡವಳು. “ಕಳಸಬ್ಯಾಡ್ರಿ ಸಾಹೇಬ್ರ. ಹಂಗ ಯಾರೂ ಕಾಯಬಾರದು. ಬಳಗದ ಕೈಗೋಳನ್ನ ನಾ ಕಾಯ್ತೇನಿ.”

ಡಾಕ್ಟರರ ಸಿಟ್ಟು ಇಳಿಯುತ್ತದೆ. ಹೊಸ ತರಹದ ಯಂತ್ರಗಳು ಬಂದಿವೆ ಎನ್ನುತ್ತಾರೆ. ಒಂದರ ಗುಂಡಿಯನ್ನು ಕೈಗಡಿಯಾರದಂತೆ ರೋಗಿಯ ಮುಂಗೈಗೇ ಕಟ್ಟುವುದು.

“ಬಂದವರೆಲ್ಲಾ ಟೈಮ್ ನೋಡೂ ನೆವದಾಗ ಒತ್ತತಾರ್ರಿ!”

ಇನ್ನೊಂದಕ್ಕೆ ಕರೆಂಟೂ ಬೇಡ, ಗುಂಡಿಯೂ ಇಲ್ಲ. ಬಲೂನಿನಂಥ ರಬ್ಬರ್ ಫುಗ್ಗಾದಲ್ಲಿ ತುಂಬಿದ ಮರಗಟ್ಟಿಸುವ ಮದ್ದು ಗಾಯದ ಹತ್ತಿರ ತಾನಾಗಿಯೇ ಜಿನುಗುತ್ತದೆ.

“ಫುಗ್ಗಾ? ಹಿಂಡದ ಬಿಡ್ತಾರೇನ್ರಿ ನಮ್ಮ ಮಂದಿ?”

ಡಾಕ್ಟರ್ ಸೋತು ನಗುತ್ತಾರೆ. “ಹಂಗಾರ ಎಂಥಾದ್ದು ತರಸ್ಲಿ, ನೀನ ಹೇಳು.”

ಬೇಗಂಬಿ ತಡವರಿಸುವುದಿಲ್ಲ. “ಯಾವದಾರ ತರಸ್ರಿ. ಬಳಗದವರಿಗಂತ ಒಂದು ಬ್ಯಾರೆ ಗುಂಡಿ ಇರ್ಲಿ. ಎಷ್ಟ ಒತ್ತಿದ್ರೂ ಮದ್ದು ಬೀಳಬಾರದು. ನನ್ನ ಕಿವ್ಯಾಗ ಗಂಟಿ ಬಾರಸ್ಬೇಕು. ಓಡಿ ಬರ್ತೇನಿ.”