ಅಕ್ಕೋರು ವಾಪಸ್ ಕೇಳಿದ ಬಟ್ಟಲುಗಳು

ಡಿಸೆಂಬರಿನ ಮೊದಲ ಭಾನುವಾರ ಮಗಳು ಅಡಿಗೆಮನೆಯಲ್ಲಿ ಕೆಟಲ್ಲಿಗೆ ವಿನೆಗರ್ ಸುರಿದು ಕುದಿಸುತ್ತಿದ್ದಳು. ಪುಣೆಯ ನಮ್ಮ ಯೆರವಡಾದ ಬೋರಿನ ನೀರಿಗೆ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದನ್ನು ತೆಗೆಯುವ ಉಪಾಯವನ್ನು ಅವಳು ಎಲ್ಲೋ ಮೊಬೈಲಿನಲ್ಲಿ ನೋಡಿದ್ದಳಂತೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಕೈ ನಿಂತುಹೋಯಿತು. ಹನ್ನೊಂದು ವರ್ಷದ ಹಿಂದೆ ಒಬ್ಬರು ಇದೇ ವಾಸನೆಯನ್ನು ಕೈಯಲ್ಲಿ, ಸೆರಗಿನಲ್ಲಿ, ಹೆಗಲಿನ ಚೀಲದಲ್ಲಿ ಹೊತ್ತು ನಮ್ಮ ಬಾಗಿಲಲ್ಲಿ ನಿಂತಿದ್ದರು...

ನಾನು ಅವರನ್ನು ಅಕ್ಕೋರು ಎನ್ನುತ್ತಿದ್ದೆ; ನಮ್ಮ ಕಡೆ ಟೀಚರನ್ನು ಕರೆಯುವುದು ಹಾಗೆ. ಬೆಳಗಾವಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಗಂಡನ ನೌಕರಿಯ ಹಿಂದೆ ಪುಣೆಗೆ ಬಂದವರು. ಗಂಡ ತೀರಿಕೊಂಡ ಮೇಲೆ, ನಲವತ್ತೈದು ದಾಟಿದ ವಯಸ್ಸಿನಲ್ಲಿ, ಮಣ್ಣಿನ ಕೆಲಸ ಕಲಿತರು. ಶಿರೂರು ರಸ್ತೆಯಲ್ಲಿ, ಊರು ಮುಗಿದು ಕಬ್ಬಿನ ಹೊಲ ಶುರುವಾಗುವಲ್ಲಿ, ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ಒಳಗೆ ಮಣ್ಣು ತಿರುಗಿಸುವ ಒಂದು ತಿಗರಿ, ಪಾತ್ರೆ ಸುಡುವ ಒಂದು ಭಟ್ಟಿ, ಗೋಡೆಗುಂಟ ಹಲಗೆಗಳು.

ಪುಣೆಯ ಸುತ್ತಮುತ್ತ ಹೀಗೆ ಮಣ್ಣಿನ ಕೆಲಸ ಮಾಡುವವರೆಲ್ಲ ಸೇರಿ ಚಳಿಗಾಲದಲ್ಲಿ ಎರಡು ವಾರಾಂತ್ಯ ತಮ್ಮ ಸ್ಟುಡಿಯೋಗಳ ಬಾಗಿಲು ತೆರೆದಿಡುತ್ತಿದ್ದರು. ಒಂದು ನಕಾಶೆ ಕೈಗೆ ಕೊಡುತ್ತಿದ್ದರು. ಅದನ್ನು ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಬೇಕು, ನೋಡಬೇಕು, ಬೇಕಾದ್ದು ಕೊಳ್ಳಬೇಕು. ಮೊದಲ ಸಲ ನಮ್ಮ ಮನೆಯವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸುಮ್ಮನೆ ಹೊತ್ತು ಕಳೆಯಲು ಹೋದದ್ದು. ಆಮೇಲೆ ಅದು ನನಗೆ ಹುಚ್ಚಾಯಿತು. ಇನ್ಶೂರೆನ್ಸ್ ಆಫೀಸಿನಲ್ಲಿ ವರ್ಷವಿಡೀ ಕಾಗದ ತಿರುವುವ ನನಗೆ ಆ ನಾಲ್ಕು ದಿನ ಹಬ್ಬ. ಒಬ್ಬರ ಹತ್ತಿರ ಬೂದಿಬಣ್ಣದ ತಾಟು, ಇನ್ನೊಬ್ಬರ ಹತ್ತಿರ ನೀಲಿ ಹೂಜಿ... ಗಾಜಿನ ಕಪಾಟು ಒಂದಿತ್ತು, ಎರಡಾಯಿತು.

ಅಕ್ಕೋರ ಶೆಡ್ಡು ಆ ನಕಾಶೆಯ ಕೊನೆಯಲ್ಲಿತ್ತು. ನನ್ನ ಧಾರವಾಡದ ಮಾತು ಕಿವಿಗೆ ಬಿದ್ದಿದ್ದೇ ಅವರು ಮಣ್ಣಿನ ಕೈಯಲ್ಲೇ ಎದ್ದು ಬಂದರು. "ಬಾರವಾ, ಬಾ. ಮೊದಲ ಚಹಾ ಕುಡಿ, ಆಮ್ಯಾಲ ನೋಡೀಯಂತ" ಎಂದರು. ಅಂದಿನಿಂದ ಅವರ ಬಾಯಲ್ಲಿ ನಾನು ಸದಾ ಬಾರವಾ, ಕೂಡವಾ, ತಿನ್ನವಾ.

ಆ ವರ್ಷಗಳಲ್ಲಿ ಅವರ ಹೆಸರು ಹಬ್ಬಿದ್ದು ಒಂದು ಬಣ್ಣದಿಂದ. ಸುಟ್ಟ ಮಣ್ಣಿನ ಮೇಲೆ ಗಾಜಿನಂತೆ ಹೊಳೆಯುವ ಲೇಪ ಇರುತ್ತದಲ್ಲ, ಅವರದು ಜೇನಿನ ಬಣ್ಣದ್ದು. ಬೆಳಕಿಗೆ ಹಿಡಿದರೆ ಬಟ್ಟಲಿನ ತಳದಲ್ಲಿ ನಿಜಕ್ಕೂ ಒಂದು ಚಮಚ ಜೇನು ನಿಂತ ಹಾಗೆ ಕಾಣುತ್ತಿತ್ತು. ಜನ ದೂರದಿಂದ ಬರುತ್ತಿದ್ದರು. ಆದರೆ ಅಕ್ಕೋರು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಶೋಕೇಸಿಗೆ ಬೇಕು ಎಂದವರ ಕೈಯಿಂದ ಕಪ್ಪನ್ನು ವಾಪಸ್ ಇಸಿದುಕೊಂಡದ್ದನ್ನು ನಾನೇ ನೋಡಿದ್ದೇನೆ. ನನಗೂ ಹೇಳಿದ್ದರು: "ಕಪಾಟಿನಾಗ ಇಡೂದಿದ್ರ ಒಯ್ಯಬ್ಯಾಡವಾ. ದಿನಾ ಉಣ್ಣೂದಿದ್ರ ಒಯ್ಯಿ. ಕೈ ಮುಟ್ಟದ ಬಟ್ಟಲಾ ಎದಕ್ಕ ಬೇಕು?"

ನಾನು ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಬೇರೆಯವರ ಹೂಜಿ ತಾಟುಗಳು ಕಪಾಟಿನಲ್ಲಿದ್ದರೆ ಅಕ್ಕೋರ ಬಟ್ಟಲುಗಳು ಮಾತ್ರ ಒಲೆಯ ಪಕ್ಕ. ಹುಣಸೆಹಣ್ಣಿನ ಸಾರು ಅದರಲ್ಲೇ, ಮಜ್ಜಿಗೆ ಅದರಲ್ಲೇ. ಮಗಳಿಗೆ ನಾಲ್ಕು ತುಂಬಿದಾಗ ಅಕ್ಕೋರು ಅವಳ ಬೆರಳಿನ ಅಳತೆ ತೆಗೆದುಕೊಂಡು ಅದೇ ಜೇನಿನ ಬಣ್ಣದ, ಎರಡು ಹಿಡಿಕೆಯ ಒಂದು ಪುಟ್ಟ ಕಪ್ಪು ಮಾಡಿಕೊಟ್ಟರು. ಅವಳು ಎರಡು ವರ್ಷ ಅದು ಬಿಟ್ಟು ಬೇರೆಯದರಲ್ಲಿ ಲಿಂಬೆ ಪಾನಕ ಕುಡಿದವಳಲ್ಲ.

ಹನ್ನೊಂದು ವರ್ಷದ ಹಿಂದೆ ಅವರು ಬಂದದ್ದೂ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇರಬೇಕು. ನಾದಿನಿಯ ಮನೆಯವರು ಬಂದಿದ್ದರು, ಉಪ್ಪಿಟ್ಟಿನ ಗಡಿಬಿಡಿ. ಬಾಗಿಲು ತೆರೆದರೆ ಅಕ್ಕೋರು. ಎಂದೂ ನಮ್ಮ ಮನೆಗೆ ಬಂದವರಲ್ಲ. ಮುಖ ಬಾಡಿತ್ತು. ಒಳಗೆ ಬನ್ನಿ ಎಂದರೂ ಹೊಸ್ತಿಲು ದಾಟಲಿಲ್ಲ. ಚೀಲದಿಂದ ಒಂದು ಬಟ್ಟಲಿನ ಚೂರು ತೆಗೆದು ನನ್ನ ಮುಂದೆ ಹಿಡಿದರು. ವಿನೆಗರಿನ ವಾಸನೆ ರಪ್ಪನೆ ಬಂತು. ಚೂರಿನ ಅರ್ಧ ಜೇನಿನ ಹಾಗೆ ಹೊಳೆಯುತ್ತಿತ್ತು, ಇನ್ನರ್ಧ ಬೂಸಲು ಹಿಡಿದಂತೆ ಮಂಕಾಗಿತ್ತು.

"ಮೂರು ದಿನಾ ವಿನೆಗರ್‌ನಾಗ ಇಟ್ಟಿದ್ದೆ, ನೋಡ್ರಿ. ಆಮ್ಯಾಲ ಲ್ಯಾಬಿಗೂ ಕಳಿಸಿದೆ. ಈ ಬಣ್ಣದಾಗ ಸೀಸ ಅದ. ಹುಳಿ ಹಾಕಿದ್ರ ಬಿಡ್ತದ. ನನ್ನ ಬಟ್ಟಲಾ, ಕಪ್ಪು, ಎಷ್ಟವ ಅಷ್ಟೂ ವಾಪಸ್ ಕೊಡ್ರಿ."

ಅವರು ನನಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ನನಗೆ ಕೂಡಲೇ ತಿಳಿಯಲಿಲ್ಲ. ಸೀಸ ಎಂದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಪಾಠ ಹೇಳುವವರ ಹಾಗೆ, ಒಂದೂ ಮಾತು ಮುಚ್ಚಿಡದೆ ಹೇಳಿದರು. ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಅಪಾಯ, ಮಿದುಳಿಗೆ ತೊಂದರೆ ಆಗಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಬಣ್ಣದ ಪುಡಿ ಮಾರಿದವನು ಇದರಲ್ಲಿ ಸೀಸ ಇಲ್ಲ ಎಂದಿದ್ದ, ತಾನು ನಂಬಿದೆ ಎಂದರು. ಒಳಗೆ ನನ್ನ ಮಗಳು ಯಾವುದೋ ಹಾಡು ಹೇಳುತ್ತಿದ್ದಳು. ಅವಳ ದನಿ ಕೇಳಿದ್ದೇ ನಾನು ಕೂಗಿಬಿಟ್ಟೆ.

"ನೀವು ಸಾಯನ್ಸ್ ಅಕ್ಕೋರ್ರಿ! ಊರಿನ ಮಕ್ಕಳಿಗೆಲ್ಲಾ ಪಾಠಾ ಹೇಳಿದವರು. ನಿಮಗ ಗೊತ್ತಾಗ್ಲಿಲ್ಲೇನ್ರಿ? ದಿನಾ ಉಣ್ಣು ಅಂದವರು ನೀವ ಅಲ್ಲೇನು?"

ಎದುರು ಮನೆಯವರು ಬಾಗಿಲು ತೆರೆದರು. ಮೇಲಿನ ಮಹಡಿಯಿಂದ ಯಾರೋ ಬಗ್ಗಿ ನೋಡಿದರು. ನಾದಿನಿ ಬಂದು ನನ್ನ ತೋಳು ಹಿಡಿದಳು. ನಾನು ನಿಲ್ಲಿಸಲಿಲ್ಲ. ವಿಷ ಎಂದೆ, ಕೊಲೆ ಎಂದೆ, ಇನ್ನೂ ಏನೇನೋ ಅಂದೆ... ಅಕ್ಕೋರು ತಲೆ ತಗ್ಗಿಸಲೂ ಇಲ್ಲ, ಎದುರು ವಾದಿಸಲೂ ಇಲ್ಲ.

"ಗೊತ್ತಾಗಬೇಕಿತ್ರಿ" ಎಂದರು. "ಪುಡಿ ತಂದ ದಿನಾನ ಪರೀಕ್ಷಾ ಮಾಡಬೇಕಿತ್ತು. ಮಾಡ್ಲಿಲ್ಲ."

ನಾನು ಒಲೆಯ ಪಕ್ಕದ ಬಟ್ಟಲುಗಳನ್ನೆಲ್ಲ, ಮಗಳ ಕಪ್ಪನ್ನೂ ಬಾಚಿ ತಂದು ಅವರ ಚೀಲಕ್ಕೆ ಸುರಿದೆ. ಒಂದು ಹೊರಗೆ ಬಿದ್ದು ಒಡೆಯಿತು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚೂರು ಹೆಕ್ಕತೊಡಗಿದರು. "ಮಗಳು ಬರ್ತಾಳ, ಕಾಲಿಗೆ ಚುಚ್ಚೀತು" ಎಂದರು. ಎದ್ದ ಮೇಲೆ ಮತ್ತೆ ಹೇಳಿದರು: "ರಕ್ತ ಪರೀಕ್ಷಾಕ್ಕ ನಾನೂ ಬರ್ತೀನ್ರಿ, ನಿಮ್ಮ ಜೋಡಿ." ನಾನು ಬಾಗಿಲು ಹಾಕಿದೆ.

ಆ ಮಧ್ಯಾಹ್ನ ನಾನು ಮಾಡಿದ್ದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಮಣ್ಣಿನ ಪಾತ್ರೆ ಕೊಳ್ಳುವವರ ಒಂದು ವಾಟ್ಸಾಪ್ ಗುಂಪಿತ್ತು, ನಮ್ಮ ಸೊಸೈಟಿಯದೂ ಇತ್ತು. ಎರಡಕ್ಕೂ ಬರೆದೆ. ಇಂಥವರ ಹತ್ತಿರ ಏನೂ ಕೊಳ್ಳಬೇಡಿ, ಅವರ ಪಾತ್ರೆಯಲ್ಲಿ ವಿಷ ಇದೆ, ನನ್ನ ಮಗು ಎರಡು ವರ್ಷ ಅದರಲ್ಲಿ ಕುಡಿದಿದೆ ಎಂದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾರೋ ಒಬ್ಬರು, ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದರು. ನಾನು 'ಒಬ್ಬರಿಂದ ಗೊತ್ತಾಯಿತು' ಎಂದು ಬರೆದೆ. ಆ ಒಬ್ಬರು ಅವರೇ ಎಂದು ಬರೆಯಲಿಲ್ಲ. ಬೆರಳು ಒಂದು ಕ್ಷಣ ತಡೆದದ್ದು ನೆನಪಿದೆ. ಆದರೂ ಬರೆಯಲಿಲ್ಲ.

ಆ ಸುದ್ದಿ ಮರಾಠಿಗೆ ತಿರುಗಿ, ಅಕ್ಕೋರ ಫೋಟೋ ಅಂಟಿಸಿಕೊಂಡು, ಎರಡು ದಿನದಲ್ಲಿ ನನಗೇ ವಾಪಸ್ ಬಂತು. ಅದನ್ನು ಓದಿದವರಿಗೆ ಅವರು ಗೊತ್ತಿದ್ದೂ ಮಾರಿದ ಕಳ್ಳಿ. ಮನೆಮನೆಗೆ ಹೋಗಿ ತಾವೇ ಹೇಳುತ್ತಿದ್ದಾರೆ ಎಂಬುದು ಯಾವ ಸಾಲಿನಲ್ಲೂ ಇರಲಿಲ್ಲ. ಶನಿವಾರ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುತ್ತಿದ್ದರು, ಅದು ನಿಂತಿತೆಂದು ಕೇಳಿದೆ. ಮುಂದಿನ ಚಳಿಗಾಲದ ನಕಾಶೆಯಲ್ಲಿ ಶಿರೂರು ರಸ್ತೆಯ ಕೊನೆಯ ಗುರುತು ಇರಲಿಲ್ಲ.

ಮಗಳ ರಕ್ತದ ರಿಪೋರ್ಟ್ ಒಂಬತ್ತನೆಯ ದಿನ ಬಂತು. ಚಿಂತೆ ಮಾಡುವಂಥದ್ದು ಏನೂ ಇಲ್ಲ, ಇನ್ನು ಅಂಥ ಪಾತ್ರೆ ಬಳಸಬೇಡಿ ಅಷ್ಟೇ ಎಂದರು ಡಾಕ್ಟರು. ರಿಕ್ಷಾದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳುತ್ತ ಮನೆಗೆ ಬಂದೆ. ಸಿಹಿಗೆಂದು ಶಿರಾ ಮಾಡಿದೆ. ಅಂದು ಸಂಜೆಯೇ ಅಕ್ಕೋರ ಫೋನು ಬಂತು. ಎತ್ತಲಿಲ್ಲ. ಆಮೇಲೆ ಒಂದು ಸಂದೇಶ: "ಮಗಳ ರಿಪೋರ್ಟ್ ಬಂತೇನ್ರಿ? ಅಷ್ಟ ಹೇಳ್ರಿ, ಸಾಕು."

ಮೊದಲ ಕೆಲವು ದಿನ ಉತ್ತರಿಸದಿದ್ದದ್ದು ಸಿಟ್ಟಿನಿಂದ. ಇವರೂ ಸ್ವಲ್ಪ ದಿನ ಸಂಕಟ ಪಡಲಿ ಅನಿಸಿತ್ತು, ಸುಳ್ಳೇಕೆ ಹೇಳಲಿ. ಸಿಟ್ಟು ಇಳಿಯುವ ಹೊತ್ತಿಗೆ ಸುದ್ದಿ ಎಲ್ಲೆಲ್ಲೋ ಹೋಗಿತ್ತು. ಆಮೇಲಿನದು ನಾಚಿಕೆ. ಈಗ ಉತ್ತರ ಕೊಟ್ಟರೆ ಉಳಿದದ್ದಕ್ಕೂ ಉತ್ತರ ಕೊಡಬೇಕಲ್ಲ... ಇವತ್ತು ಬೇಡ, ನಾಳೆ ಎಂದುಕೊಂಡೆ.

ಒಂದು ಸಲ ಅವರೇ ಬಂದರು. ಕೆಳಗಿನಿಂದ ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕೇಳಿದ. ಮನೆಯಲ್ಲಿ ಇಲ್ಲ ಎಂದು ಹೇಳು ಎಂದೆ. ಬಾಲ್ಕನಿಯ ಒಣಗಿದ ಬಟ್ಟೆಗಳ ಸಂದಿಯಿಂದ ನೋಡಿದೆ. ಅಕ್ಕೋರು ಗೇಟಿನ ಹೊರಗೆ ನಿಂತು ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ನನ್ನ ಮಗಳು ಅಲ್ಲಿರಲಿಲ್ಲ, ಒಳಗೆ ಚಿತ್ರ ಬರೆಯುತ್ತಿದ್ದಳು. ಅವಳನ್ನು ಬಾಲ್ಕನಿಗೆ ಕರೆದಿದ್ದರೂ ಸಾಕಿತ್ತು. ಸ್ವಲ್ಪ ಹೊತ್ತಿಗೆ ಅವರು ಬಸ್‌ಸ್ಟಾಪಿನ ಕಡೆಗೆ ನಡೆದರು. ಕೆಲವು ತಿಂಗಳ ನಂತರ ಕೊನೆಯ ಸಂದೇಶ ಬಂತು: "ಮಗಳು ಹ್ಯಾಂಗದಾಳ?"

ಆಮೇಲೆ ಕಪಾಟಿನ ಸಾಮಾನುಗಳನ್ನೆಲ್ಲ ಅವರಿವರಿಗೆ ಕೊಟ್ಟುಬಿಟ್ಟೆ. ಸ್ಟುಡಿಯೋ ತಿರುಗುವುದನ್ನೂ ಬಿಟ್ಟೆ.

ಈ ಡಿಸೆಂಬರಿನಲ್ಲಿ ಕೆಟಲ್ ತೊಳೆದ ಆ ಭಾನುವಾರ ನಾನು ಅಕ್ಕೋರ ಹಳೆಯ ನಂಬರಿಗೆ ಫೋನು ಮಾಡಿದೆ. ಅದು ಈಗ ಬೇರೆ ಯಾರದೋ. ಸ್ಟುಡಿಯೋಗಳ ತಿರುಗಾಟ ಇನ್ನೂ ನಡೆಯುತ್ತದೆ ಎಂದು ತಿಳಿದು, ಎರಡು ವಾರದ ನಂತರ ಮಗಳನ್ನು ಕರೆದುಕೊಂಡು ಹೊರಟೆ. ಅವಳಿಗೆ ಈಗ ಹದಿನೇಳು. ಯಾಕೆ ಎಂದು ಕೇಳಲಿಲ್ಲ, ಖುಷಿಯಿಂದಲೇ ಬಂದಳು.

ಮೂರನೆಯ ಕಡೆ, ವಾಘೋಲಿ ದಾಟಿ, ಒಬ್ಬ ಮರಾಠಿ ಹೆಂಗಸಿನ ಸ್ಟುಡಿಯೋ. ಮಾತಿಗೆ ಮಾತು ಬಂದು, ಕಲಿತದ್ದು ಎಲ್ಲಿ ಎಂದು ಕೇಳಿದೆ. ಶಿರೂರು ರಸ್ತೆಯಲ್ಲಿ ಒಬ್ಬರು ಕನ್ನಡದ 'ಬಾಯಿ' ಇದ್ದರು, ಅವರ ಹತ್ತಿರ ಎಂದಳು. ಮರಾಠಿಯಲ್ಲಿ ಬಾಯಿ ಎಂದರೆ ನಮ್ಮ ಅಕ್ಕೋರು. ಈಗ ಅವರು ಎಲ್ಲಿ ಎಂದು ಕೇಳಿದೆ.

"ಬಾಯಿ ಗೇಲ್ಯಾ" ಎಂದಳು. ತೀರಿಕೊಂಡು ಮೂರು ವರ್ಷ. ಊರಿನಲ್ಲಿ, ತಮ್ಮನ ಮನೆಯಲ್ಲಿ.

ಕಾಗದದಲ್ಲಿ ತಾಟು ಸುತ್ತುತ್ತ ಅವಳೇ ಮುಂದುವರಿಸಿದಳು. ವಾಪಸ್ ತಂದ ಪಾತ್ರೆಗಳನ್ನೆಲ್ಲ ಬಾಯಿ ತಮ್ಮ ಕೈಯಾರೆ ಒಡೆದರಂತೆ. ಆಮೇಲೆ ತಿಗರಿ ಮುಟ್ಟಲಿಲ್ಲ. ಊರಿಗೆ ಹೋದ ಮೇಲೂ ಆಗಾಗ ಇವಳಿಗೆ ಫೋನು ಮಾಡುತ್ತಿದ್ದರು. ಯೆರವಡಾದಲ್ಲಿ ಒಂದು ಹುಡುಗಿ ಇದ್ದಳು, ಅವಳ ರಿಪೋರ್ಟ್ ಏನಾಯಿತೋ ತಿಳಿಯಲಿಲ್ಲ, ನಿನಗೇನಾದರೂ ಗೊತ್ತಾಯಿತೇ ಎಂದು ಪ್ರತಿ ಸಲ ಕೇಳುತ್ತಿದ್ದರು. ಹುಡುಗಿಯ ತಾಯಿಯ ಉತ್ತರವಿಲ್ಲ ಅಂದರೆ ಹುಡುಗಿಗೆ ಏನೋ ಆಗಿದೆ ಎಂದೇ ಕೊನೆಗೆ ತೀರ್ಮಾನಿಸಿಕೊಂಡಿದ್ದರಂತೆ.

"ಆ ಹುಡುಗಿ ಚೆನ್ನಾಗಿದ್ದಾಳೆ" ಎಂದು ಮರಾಠಿಯಲ್ಲಿ ಹೇಳಿದೆ.

ನಿಮಗೆ ಹೇಗೆ ಗೊತ್ತು ಎಂದಳು. ಆಚೆ ಹಲಗೆಯ ಹತ್ತಿರ ನಿಂತು ಒಂದು ಹೂದಾನಿಯನ್ನು ತಿರುಗಿಸಿ ನೋಡುತ್ತಿದ್ದ ಮಗಳ ಕಡೆಗೆ ಕೈ ತೋರಿಸಿದೆ.

ಆ ಹೆಂಗಸು ಸುತ್ತುತ್ತಿದ್ದ ಕಾಗದವನ್ನು ಕೆಳಗಿಟ್ಟಳು. ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ನನ್ನನ್ನು ದಾಟಿ ನೇರ ಮಗಳ ಹತ್ತಿರ ಹೋದಳು. ಹೆಸರು ಕೇಳಿದಳು, ಏನು ಓದುತ್ತಿ ಎಂದಳು. ವಿಜ್ಞಾನ ಎಂದಳು ಮಗಳು. ಅವಳ ಎರಡೂ ಕೈ ಹಿಡಿದುಕೊಂಡು ಆ ಹೆಂಗಸು ಬಹಳ ಹೊತ್ತು ಅವಳ ಮುಖ ನೋಡಿದಳು. ಬೇರೆ ಯಾರೋ ಒಬ್ಬರ ಪರವಾಗಿ ನೋಡುತ್ತಿದ್ದಾಳೆ ಅನಿಸಿತು.

ಕಾರಿನಲ್ಲಿ ಮಗಳು ಕೇಳಿದಳು: "ಯಾರವ್ವಾ ಅವರು? ಯಾಕ ಹಂಗ ಕೈ ಹಿಡ್ಕೊಂಡ್ರು?"

ಹೇಳಿದೆ. ಮೊದಲಿನಿಂದ, ಒಂದೂ ಬಿಡದೆ. ಗುಂಪಿಗೆ ಬರೆದದ್ದು, ವಾಚ್‌ಮನ್‌ಗೆ ಹೇಳಿದ್ದು, ಕೊನೆಯ ಸಂದೇಶ...

"ಮತ್ತ ನೀ ಏನಂತ ಬರದಿ?"

"ಏನೂ ಬರೀಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಖರಾಡಿಯ ಬೈಪಾಸಿನಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನನ್ನನ್ನು ಸಮಾಧಾನ ಮಾಡು ಎಂದು ಆ ಮಗುವಿಗೆ ಯಾವ ಬಾಯಿಂದ ಹೇಳಲಿ? ಯೆರವಡಾ ಬಂದಾಗ ಅವಳು ಇಳಿದು, ನನಗಾಗಿ ಕಾಯದೆ, ಗೇಟಿನೊಳಗೆ ನಡೆದುಹೋದಳು. ಆರೋಗ್ಯವಾಗಿ, ಎತ್ತರವಾಗಿ, ನೆಟ್ಟಗೆ ನಡೆದುಹೋಗುತ್ತಿದ್ದ ಅವಳನ್ನು ನಾನು ಕಾರಿನಲ್ಲೇ ಕೂತು ನೋಡಿದೆ. ಅಕ್ಕೋರು ನೋಡಬೇಕಾಗಿದ್ದದ್ದು ಅಷ್ಟೇ.